ಕಪ್ಪು ಹಿಡಿದ ಬಾತ್‌ರೂಮ್ ಕನ್ನಡಿ: ಚಿತ್ರದುರ್ಗದ ಒಂದು ಮನೆಯ ದುರಸ್ತಿ ಪ್ರಕರಣ

ಚಿತ್ರದುರ್ಗದ ಮೆದೇಹಳ್ಳಿ ರಸ್ತೆ ಕಡೆ ಅಕ್ಕನ ಮನೆ. ಅಲ್ಲಿನ ಬಾತ್‌ರೂಮಿನಲ್ಲಿ ವಾಶ್‌ಬೇಸಿನ್ ಮೇಲೆ ಒಂದು ಕನ್ನಡಿ ಇದೆ. ಎರಡು ಅಡಿ ಅಗಲ, ಮೂರು ಅಡಿ ಎತ್ತರ, 5 ಮಿಲಿಮೀಟರ್ ದಪ್ಪ. ಮನೆ ಕಟ್ಟಿಸಿದಾಗ ಟೈಲ್ಸ್ ಕೆಲಸದವರೇ ಗೋಡೆಗೆ ಅಂಟಿಸಿ ಹೋಗಿದ್ದರು. ಗಾಜು ಒಳ್ಳೆಯದು, ಎಲ್ಲಿ ನಿಂತು ನೋಡಿದರೂ ಮುಖ ಸೊಟ್ಟ ಕಾಣುವುದಿಲ್ಲ. ಆದರೆ ಈಚೆಗೆ ಅದರ ಕೆಳಗಿನ ಅಂಚು ಉದ್ದಕ್ಕೂ ಕಪ್ಪಾಗಿತ್ತು, ನಡುವೆ ಅಲ್ಲಲ್ಲಿ ಕಂದು ಮಚ್ಚೆಗಳು ಎದ್ದಿದ್ದವು, ಮುಂಭಾಗದಲ್ಲಂತೂ ಎಷ್ಟು ಒರೆಸಿದರೂ ಹೋಗದ ಬಿಳಿ ಪೊರೆ. ಭಾವ ಶೇವ್ ಮಾಡಿಕೊಳ್ಳಲು ಹಾಲ್‌ನ ಕನ್ನಡಿಗೆ ಬರುತ್ತಿದ್ದರು.

ತೆಗೆದು ಹೊಸದು ಹಾಕಿಸಿಬಿಡೋಣ ಅನ್ನುವುದು ಮನೆಯಲ್ಲಿ ಎಲ್ಲರ ಮಾತು. ನಾನು ಸ್ವಲ್ಪ ತಡೆಯಿರಿ ಎಂದೆ. ದುಡ್ಡು ಉಳಿಸುವುದು ಒಂದು ಕಾರಣ, ಆದರೆ ಅದೇ ಮುಖ್ಯ ಅಲ್ಲ. ಈ ಕನ್ನಡಿ ಯಾಕೆ ಹಾಳಾಯಿತು ಅಂತ ತಿಳಿಯದೆ ಅದೇ ಗೋಡೆಗೆ, ಅದೇ ರೀತಿ ಇನ್ನೊಂದನ್ನು ಅಂಟಿಸಿದರೆ ಅದಕ್ಕೂ ಇದೇ ಗತಿ ಬರುತ್ತದೆ. ಹಾಗಾಗಿ ಮೊದಲು ಕಾರಣ ಹುಡುಕಿದೆವು, ಆಮೇಲೆ ದುರಸ್ತಿ. ಇದೇ ತೊಂದರೆ ಎಷ್ಟೋ ಮನೆಗಳಲ್ಲಿ ಇದೆ, ಅದಕ್ಕೇ ನಡೆದದ್ದನ್ನೆಲ್ಲ ಬರೆಯುತ್ತಿದ್ದೇನೆ.

ಮುಂದಿನ ತೊಂದರೆ ಬೇರೆ, ಹಿಂದಿನದು ಬೇರೆ

ಕನ್ನಡಿ ಮಸುಕಾಗಿದೆ ಅಂದಾಗ ಮೊದಲು ನೋಡಬೇಕಾದದ್ದು ಕೊಳೆ ಗಾಜಿನ ಮುಂದೆ ಇದೆಯೋ ಹಿಂದೆ ಇದೆಯೋ ಅನ್ನುವುದು. ಒದ್ದೆ ಬಟ್ಟೆ ಸವರಿದರೆ ಬಿಳಿ ಪೊರೆ ಮಾಯ, ಒಣಗಿದ ಕೂಡಲೇ ಮತ್ತೆ ಹಾಜರು. ಉಗುರು ಎಳೆದರೆ ತರಿತರಿಯಾಗಿ ತಾಗುತ್ತದೆ. ಅಂದರೆ ಅದು ಗಾಜಿನ ಮೇಲೆ ಕೂತದ್ದು. ಕಪ್ಪು ಹಾಗಲ್ಲ. ಪೆನ್ಸಿಲ್ ತುದಿಯನ್ನು ಕಪ್ಪು ಕಲೆಯ ಮೇಲಿಟ್ಟು ಓರೆಯಿಂದ ನೋಡಿದರೆ ತುದಿಗೂ ಕಲೆಗೂ ನಡುವೆ ಗಾಜಿನ ದಪ್ಪದಷ್ಟು ಅಂತರ ಕಾಣುತ್ತದೆ. ಅದು ಗಾಜಿನ ಹಿಂದಿನ ಬೆಳ್ಳಿ ಪದರಕ್ಕೆ ಆದ ಹಾನಿ, ಮುಂದಿನಿಂದ ಎಷ್ಟು ಉಜ್ಜಿದರೂ ಏನೂ ಆಗುವುದಿಲ್ಲ.

ಬಿಳಿ ಪೊರೆಗೆ ಕಾರಣ ನೀರು. ಚಿತ್ರದುರ್ಗ ಊರಿಗೆ ಸೂಳೆಕೆರೆಯಿಂದ, ಅಂದರೆ ಶಾಂತಿಸಾಗರದಿಂದ, ಮತ್ತು ವಾಣಿವಿಲಾಸ ಸಾಗರದಿಂದ ನೀರು ಬರುತ್ತದೆ. ಅಕ್ಕನ ಮನೆಯಲ್ಲಿ ಆ ನೀರನ್ನು ಕುಡಿಯಲು, ಅಡುಗೆಗೆ ಹಿಡಿದಿಡುತ್ತಾರೆ. ಸ್ನಾನ, ಬಟ್ಟೆ, ತೊಳೆಯುವ ಕೆಲಸ ಎಲ್ಲ ಬೋರ್ ನೀರಿನಲ್ಲೇ. ಅದು ಗಡಸು ನೀರು, ಅಂದರೆ ಸುಣ್ಣದಂಥ ಲವಣ ಜಾಸ್ತಿ ಕರಗಿರುವ ನೀರು. ಕುಡಿಯುವ ನೀರಿಗೆ ಇರುವ ಐಎಸ್ 10500 ಮಾನದಂಡದ ಪ್ರಕಾರ ಗಡಸುತನ ಲೀಟರಿಗೆ 200 ಮಿಲಿಗ್ರಾಂ ಒಳಗಿರಬೇಕು, ಬೇರೆ ನೀರು ಇಲ್ಲದಿದ್ದರೆ 600ರವರೆಗೆ ಒಪ್ಪಬಹುದು. 600 ಇರುವ ಒಂದು ಲೀಟರ್ ನೀರು ಪೂರ್ತಿ ಆರಿದರೆ ಅರ್ಧ ಗ್ರಾಂಗಿಂತ ಜಾಸ್ತಿ ಸುಣ್ಣದಂಥ ಉಪ್ಪು ಉಳಿಯುತ್ತದೆ. ನಲ್ಲಿ ಬಿಟ್ಟಾಗೆಲ್ಲ ಕನ್ನಡಿಗೆ ಸಿಡಿಯುವ ಹನಿಗಳು ಆರಿ, ಕ್ಯಾಲ್ಸಿಯಂ ಮತ್ತು ಮೆಗ್ನೀಸಿಯಂ ಕಾರ್ಬೊನೇಟ್ ಪದರ ಪದರವಾಗಿ ಕೂರುತ್ತದೆ. ಗೀಸರ್ ಕಾಯಿಲ್ ಮೇಲೆ ಕಟ್ಟುವ ಹಕ್ಕಳೆಯೂ ಇದೇ.

ಇಲ್ಲಿಂದ ಮುಂದೆ ನಡೆದದ್ದು ನನಗೆ ಈ ಪ್ರಕರಣದ ತಿರುಳು ಅನ್ನಿಸುತ್ತದೆ. ಬಿಳಿ ಪೊರೆ ಹೋಗಲಿ ಅಂತ ಮನೆಯವರು ಏನು ಬಳಸಿದರು? ಮೊದಲು ಗಾಜು ಒರೆಸುವ ಸ್ಪ್ರೇ. ಅದಕ್ಕೆ ಜಗ್ಗಲಿಲ್ಲ. ಆಮೇಲೆ ನಿಂಬೆರಸ, ವಿನೆಗರ್. ಕೊನೆಗೆ ನೆಲ ತೊಳೆಯುವ ಆಸಿಡ್‌ಗೆ ನೀರು ಬೆರೆಸಿ ಒರೆಸಿದ್ದೂ ಉಂಟು. ಪೊರೆ ಸ್ವಲ್ಪ ಹೋಯಿತು. ಆದರೆ ನೇರ ನಿಂತ ಕನ್ನಡಿಯ ಮೇಲೆ ಏನೇ ಸಿಂಪಡಿಸಿದರೂ ಅದು ಇಳಿದು ಹೋಗಿ ನಿಲ್ಲುವುದು ಕೆಳಗಿನ ಅಂಚಿನಲ್ಲಿ, ಅಲ್ಲಿಂದ ಸಂದಿಯೊಳಗೆ ನುಗ್ಗಿ ಹಿಂಬದಿಗೆ. ಮುಂದಿನ ಬಿಳಿ ತೆಗೆಯಲು ಹಾಕಿದ ಹುಳಿ ಹಿಂದಿನ ಬೆಳ್ಳಿಯನ್ನು ತಿಂದಿತ್ತು. ಕಪ್ಪು ಕೆಳಗೇ ಯಾಕೆ ಜಾಸ್ತಿ ಅನ್ನುವ ಪ್ರಶ್ನೆಗೆ ಇದು ಅರ್ಧ ಉತ್ತರ.

ಅಕ್ಕನ ಅತ್ತೆಗೆ ಬೇರೆಯದೇ ಚಿಂತೆ. "ಪಾದರಸ ಉದುರ್ತಾ ಐತೆ ಕಣಪ್ಪ, ಹುಡುಗ್ರು ಮುಟ್ಟಿದ್ರೆ ಏನ್ ಗತಿ" ಎಂದರು. ಆ ಭಯ ಸುಮ್ನೆ ಬಂದದ್ದಲ್ಲ. ಹಿಂದಿನ ಕಾಲದಲ್ಲಿ ತವರದ ಹಾಳೆ ಮತ್ತು ಪಾದರಸ ಸೇರಿಸಿಯೇ ಕನ್ನಡಿ ಮಾಡುತ್ತಿದ್ದರು, ಆ ಕೆಲಸಗಾರರ ಆರೋಗ್ಯ ಅದರಿಂದ ಹಾಳಾಗುತ್ತಿತ್ತು. 1835ರಲ್ಲಿ ಜರ್ಮನಿಯ ರಸಾಯನ ವಿಜ್ಞಾನಿ ಯುಸ್ಟುಸ್ ಫಾನ್ ಲೀಬಿಗ್ ಗಾಜಿನ ಮೇಲೆ ಬೆಳ್ಳಿ ಕೂರಿಸುವ ವಿಧಾನ ತೋರಿಸಿಕೊಟ್ಟ ಮೇಲೆ ಪಾದರಸ ಕ್ರಮೇಣ ಹಿಂದೆ ಸರಿಯಿತು. ಈಗ ಅಂಗಡಿಯಲ್ಲಿ ಸಿಗುವ ಕನ್ನಡಿಯಲ್ಲಿ ಪಾದರಸ ಇಲ್ಲ ಅಂತ ಹೇಳಿದ ಮೇಲೆ ಅತ್ತೆಗೆ ಸಮಾಧಾನ ಆಯಿತು. ಗಾಜಿನ ಹಿಂದೆ ಮಿಲಿಮೀಟರಿನ ಸುಮಾರು ಹತ್ತು ಸಾವಿರದಲ್ಲೊಂದು ಭಾಗದಷ್ಟು ತೆಳು ಬೆಳ್ಳಿ, ಅದನ್ನು ಕಾಯಲು ಕೆಲವದರಲ್ಲಿ ತಾಮ್ರದ ಪದರ, ಅದರ ಮೇಲೆ ಪೇಂಟ್. ಹಿಂದೆ ಪೇಂಟ್ ಕಾಪಾಡುತ್ತದೆ, ಮುಂದೆ ಗಾಜು ಕಾಪಾಡುತ್ತದೆ. ಕತ್ತರಿಸಿದ ಅಂಚಿನಲ್ಲಿ ಮಾತ್ರ ಬೆಳ್ಳಿಗೆ ಯಾರ ಕಾವಲೂ ಇಲ್ಲ. ತೇವ, ಅಮೋನಿಯ, ಆಸಿಡ್ ಆವಿ, ಗಂಧಕದ ಅಂಶ ಒಳಗೆ ಹೋಗುವುದು ಅಲ್ಲಿಂದಲೇ.

ಇಳಿಸಿದ ಮೇಲೆ ಕಂಡದ್ದು

ಈ ಅಳತೆಯ 5 ಮಿಲಿಮೀಟರ್ ಕನ್ನಡಿ ಸುಮಾರು 7 ಕಿಲೋ ತೂಗುತ್ತದೆ. ಒಬ್ಬರೇ ಇಳಿಸುವ ಕೆಲಸ ಅಲ್ಲವೇ ಅಲ್ಲ. ಮುಂಭಾಗಕ್ಕೆ ಅಡ್ಡ ಉದ್ದ ಮಾಸ್ಕಿಂಗ್ ಟೇಪ್ ಹಚ್ಚಿದೆವು, ಒಡೆದರೂ ಚೂರು ಒಟ್ಟಿಗೆ ಇರಲಿ ಅಂತ. ದಪ್ಪ ಗ್ಲೌಸ್, ಕಾಲಿಗೆ ಶೂ, ಬೇಸಿನ್ ಮೇಲೆ ಮಡಿಸಿದ ಕಂಬಳಿ. ಇಳಿಸುವ ಮುಂಚೆ ಕಂದು ಮಚ್ಚೆಗಳು ಎಲ್ಲೆಲ್ಲಿವೆ ಅಂತ ಟೇಪಿನ ಮೇಲೆ ಪೆನ್ನಿನಿಂದ ಗುರುತು ಮಾಡಿಟ್ಟುಕೊಂಡೆ, ಅದು ತುಂಬ ಉಪಯೋಗಕ್ಕೆ ಬಂತು.

ನಾಲ್ಕೂ ಕಡೆ ವೈಟ್ ಸಿಮೆಂಟ್ ಮೆತ್ತಿ ಸಂದು ಮುಚ್ಚಿದ್ದರು. ಅದನ್ನು ಬ್ಲೇಡಿನಿಂದ ನಿಧಾನಕ್ಕೆ ಕೆರೆದು ತೆಗೆಯಬೇಕಾಯಿತು. ಆಮೇಲೆ ಒಂದು ಸಣ್ಣ ಸ್ಟೀಲ್ ತಂತಿಯ ಎರಡೂ ತುದಿಗೆ ಮರದ ತುಂಡು ಕಟ್ಟಿ, ಕನ್ನಡಿ ಹಿಂದೆ ಮೇಲಿನಿಂದ ಇಳಿಬಿಟ್ಟು, ಗರಗಸ ಎಳೆದ ಹಾಗೆ ಆ ಕಡೆ ಈ ಕಡೆ ಎಳೆದೆವು. ತಂತಿ ಗೋಡೆಗೆ ಒತ್ತಿಕೊಂಡೇ ಇರಬೇಕು, ಕನ್ನಡಿ ಕಡೆ ಬಂದರೆ ಪೇಂಟ್ ಕೆರೆಯುತ್ತದೆ. ಭಾವ ಎರಡೂ ಕೈಯಲ್ಲಿ ಕನ್ನಡಿ ಒತ್ತಿ ಹಿಡಿದಿದ್ದರು. ಉಳಿ ಹಾಕಿ ಎಬ್ಬಿಸುವವರು ಇದ್ದಾರೆ, ದಯವಿಟ್ಟು ಹಾಗೆ ಮಾಡಬೇಡಿ, ಗಾಜು ಒಂದು ಮೂಲೆಯಲ್ಲಿ ಬಾಗಿದರೆ ಸಾಕು, ಸೀಳುತ್ತದೆ.

ತಿರುಗಿಸಿ ಮಲಗಿಸಿದಾಗ ಎಲ್ಲ ಗೊತ್ತಾಯಿತು. ಹಿಂದೆ ಐದು ಕಡೆ ಸಿಲಿಕಾನ್ ಗುಪ್ಪೆ, ಮೇಲಿನ ಸಾಲಿನಲ್ಲಿ ಎರಡು, ಕೆಳಗೆ ಮೂರು. ನಾನು ಗುರುತು ಮಾಡಿದ್ದ ಒಂದೊಂದು ಕಂದು ಮಚ್ಚೆಯ ಹಿಂದೆ ಸರಿಯಾಗಿ ಒಂದೊಂದು ಗುಪ್ಪೆ! ಮಾಮೂಲಿ ಸಿಲಿಕಾನ್ ಒಣಗುವಾಗ ಮೂಗಿಗೆ ಬಡಿಯುವ ವಿನೆಗರ್ ವಾಸನೆ ಬರುತ್ತದಲ್ವಾ, ಅದು ಅಸಿಟಿಕ್ ಆಮ್ಲ. ಗಾಜಿಗೆ ಗಾಜು ಅಂಟಿಸುವಾಗ ಅದರಿಂದ ತೊಂದರೆ ಇಲ್ಲ. ಕನ್ನಡಿಯ ಬೆನ್ನಿಗೆ ಹಚ್ಚಿದರೆ ಆ ಆಮ್ಲ ಪೇಂಟ್ ದಾಟಿ ಬೆಳ್ಳಿಗೆ ಮುಟ್ಟುತ್ತದೆ. ಗುಪ್ಪೆ ದಪ್ಪ ಇದ್ದಷ್ಟೂ ಒಣಗುವುದು ನಿಧಾನ, ಆಮ್ಲ ಅಲ್ಲೇ ಸಿಕ್ಕಿಕೊಂಡಿರುವುದೂ ಜಾಸ್ತಿ ಹೊತ್ತು.

ಕೆಳಗಿನ ಅಂಚು ನೇರವಾಗಿ ಟೈಲ್ಸ್ ಪಟ್ಟಿಯ ಮೇಲೆ ಕೂತಿತ್ತು. ವೈಟ್ ಸಿಮೆಂಟ್ ನೀರು ತಡೆಯುತ್ತದೆ ಅಂತ ನಾವು ತಿಳಿಯುತ್ತೇವೆ, ನಿಜದಲ್ಲಿ ಅದು ನೀರು ಹೀರಿಕೊಂಡು ಹಿಡಿದಿಡುತ್ತದೆ. ಅದರ ಬಿರುಕಿನಿಂದ ಒಳಗೆ ಹೋದ ನೀರಿಗೆ ಹೊರಗೆ ಬರಲು ದಾರಿ ಇರಲಿಲ್ಲ. ಚಿತ್ರದುರ್ಗದ ಗಾಳಿ ವರ್ಷದ ಬಹುಪಾಲು ಒಣ. ಜೋಗಿಮಟ್ಟಿ ಸಾಲಿನ ಮೇಲೆ ಗಾಳಿಯಂತ್ರ ತಿರುಗುವಷ್ಟು ಗಾಳಿ ಬೀಸುವ ಊರು. ಇಂಥ ಊರಲ್ಲಿ ಕನ್ನಡಿಯ ಹಿಂದೆ ಮಾತ್ರ ವರ್ಷವಿಡೀ ಮಳೆಗಾಲ. ಜೊತೆಗೆ ಧೂಳು ಬರುತ್ತದೆ ಅಂತ ಬಾತ್‌ರೂಮಿನ ವೆಂಟಿಲೇಟರ್‌ಗೆ ರಟ್ಟು ಹೊಡೆದು ಮುಚ್ಚಿದ್ದರು. ಬೆಳಗ್ಗೆ ಸಾಲಾಗಿ ಐದು ಜನ ಬಿಸಿನೀರು ಸ್ನಾನ ಮಾಡಿದರೆ ಆ ಹಬೆ ಎಲ್ಲಿಗೆ ಹೋಗಬೇಕು?

ಗೋಡೆಯೇ ಜಿನುಗುತ್ತಿದೆಯೋ ಅನ್ನುವ ಅನುಮಾನವೂ ಇತ್ತು, ಯಾಕೆಂದರೆ ಆ ಗೋಡೆಯೊಳಗೆ ಪೈಪ್ ಹೋಗಿದೆ. ಗೋಡೆ ಒರೆಸಿ ಒಣಗಿಸಿ, ಒಂದು ಪ್ಲಾಸ್ಟಿಕ್ ಹಾಳೆಯನ್ನು ನಾಲ್ಕೂ ಕಡೆ ಟೇಪ್ ಹಾಕಿ ಅಂಟಿಸಿ ರಾತ್ರಿಯೆಲ್ಲ ಬಿಟ್ಟೆವು. ಬೆಳಗ್ಗೆ ಹಾಳೆಯ ಒಳಮೈ ಒಣಗಿತ್ತು. ಒಳಗೆ ಹನಿ ಕಟ್ಟಿದ್ದರೆ ಗೋಡೆಯಿಂದ ತೇವ ಬರುತ್ತಿದೆ ಅಂತ ಅರ್ಥ, ಆಗ ಪ್ಲಂಬರ್ ಕೆಲಸ ಮುಗಿಯುವವರೆಗೆ ಕನ್ನಡಿ ಕೆಲಸಕ್ಕೆ ಕೈ ಹಾಕಬಾರದು.

ಏನು ಮಾಡಬಹುದಿತ್ತು, ಏನು ಮಾಡಿದೆವು

ಹೋದ ಬೆಳ್ಳಿ ವಾಪಸ್ ಬರುವುದಿಲ್ಲ. ಇದನ್ನು ಮೊದಲೇ ಒಪ್ಪಿಕೊಳ್ಳಬೇಕು. ಹಿಂದೆ ಅಲ್ಯೂಮಿನಿಯಂ ಫಾಯಿಲ್ ಅಂಟಿಸಿ, ಸಿಲ್ವರ್ ಸ್ಪ್ರೇ ಹೊಡೆಯಿರಿ ಅನ್ನುವ ಸಲಹೆ ಬಹಳ ಕಡೆ ಕೇಳುತ್ತೇವೆ. ಅಲ್ಲಿ ಬೂದು ತೇಪೆ ಕಾಣುತ್ತದೆಯೇ ಹೊರತು ಪ್ರತಿಬಿಂಬ ಮೂಡುವುದಿಲ್ಲ. ಸಿಲ್ವರ್ ನೈಟ್ರೇಟ್, ಅಮೋನಿಯ ಬಳಸಿ ಹೊಸದಾಗಿ ಬೆಳ್ಳಿ ಕೂರಿಸಬಹುದು ನಿಜ, ಆದರೆ ಆ ದ್ರಾವಣ ಉಳಿದರೆ, ಹಾಗೇ ಇಟ್ಟರೆ, ಸಿಡಿಯುವ ವಸ್ತು ಆಗುತ್ತದೆ. ಮನೆಯಲ್ಲಿ ಮಾಡುವಂಥದ್ದಲ್ಲ.

ಕಪ್ಪು ಭಾಗವನ್ನೇ ಕತ್ತರಿಸಿ ತೆಗೆಯುವ ಯೋಚನೆ ಚೆನ್ನಾಗಿತ್ತು. ಸಂತೇಪೇಟೆ ಕಡೆಯ ಗ್ಲಾಸ್ ಅಂಗಡಿಯಲ್ಲಿ ಫೋಟೊ ತೋರಿಸಿ ಕೇಳಿದೆ. ಅವರು ನೇರವಾಗಿ ಹೇಳಿದರು: "ಹಳೇ ಗಾಜು ಸಾರ್, ಕಟರ್ ಎಳೆದ ಗೆರೆಗೇ ಒಡೀತದೆ ಅಂತ ಹೇಳಕ್ಕಾಗಲ್ಲ. ಒಡೆದ್ರೆ ನಂದು ಜವಾಬ್ದಾರಿ ಅಲ್ಲ ನೋಡ್ರಿ." ಅದೂ ಅಲ್ಲದೆ ಕತ್ತರಿಸಿದರೆ ಬೆಳ್ಳಿಗೆ ಮತ್ತೊಂದು ಹಸಿ ಅಂಚು ತೆರೆದುಕೊಳ್ಳುತ್ತದೆ. ಬಿಟ್ಟೆವು. ಕಪ್ಪನ್ನು ಅಲ್ಲಿಗೇ ನಿಲ್ಲಿಸುವುದು, ಕಾಣದ ಹಾಗೆ ಪಟ್ಟಿಯಿಂದ ಮುಚ್ಚುವುದು ಅಂತ ತೀರ್ಮಾನ ಆಯಿತು.

ಮೊದಲು ಕನ್ನಡಿಯನ್ನು ನೆರಳಿನಲ್ಲಿ, ಕಂಬಳಿ ಮೇಲೆ ಬೆನ್ನು ಮೇಲಾಗಿ ಮಲಗಿಸಿ ಚೆನ್ನಾಗಿ ಒಣಗಲು ಬಿಟ್ಟೆವು. ಸಿಲಿಕಾನ್ ಗುಪ್ಪೆಗಳನ್ನು ಕೀಳಲು ಹೋಗಲಿಲ್ಲ. ಕಿತ್ತರೆ ಪೇಂಟೂ ಬೆಳ್ಳಿಯೂ ಜೊತೆಗೇ ಎದ್ದು ಬರುತ್ತದೆ. ಮೇಲಿನ ದಪ್ಪ ಭಾಗವನ್ನು ಬ್ಲೇಡಿನಿಂದ ಸವರಿ ಚಪ್ಪಟೆ ಮಾಡಿ, ತೆಳುವಾದದ್ದನ್ನು ಹಾಗೇ ಬಿಟ್ಟೆ.

ಆಮೇಲೆ ಅಂಚು. ಹಕ್ಕಳೆ ಎದ್ದಿದ್ದ ಪೇಂಟನ್ನು ಮೃದು ಬ್ರಶ್‌ನಿಂದ ಉದುರಿಸಿ, ಒಣ ಬಟ್ಟೆಯಲ್ಲಿ ಒರೆಸಿ, ನಾಲ್ಕೂ ಅಂಚಿಗೆ ಹಿಂದಿನಿಂದ ಒಂದು ಇಂಚು ಒಳಗೆ ಬರುವ ಹಾಗೆ ಎಣ್ಣೆ ಪೇಂಟ್ ತೆಳುವಾಗಿ ಹಚ್ಚಿದೆ. ಗಾಜಿನ ಕತ್ತರಿಸಿದ ಮೈಗೂ ಸೇರಿಸಿ. ಒಂದು ಕೋಟ್ ಪೂರ್ತಿ ಒಣಗಿದ ಮೇಲೆ ಇನ್ನೊಂದು. ಮೊದಲು ಹೇಗೂ ಹಾಳಾಗಿದ್ದ ಮೂಲೆಯಲ್ಲಿ ಸ್ವಲ್ಪ ಹಚ್ಚಿ, ಹಳೆ ಪೇಂಟ್ ಸುಕ್ಕು ಬರುವುದಿಲ್ಲ ಅಂತ ಖಾತ್ರಿ ಮಾಡಿಕೊಂಡೆ. ಕನ್ನಡಿ ಅಂಚಿಗೆಂದೇ ಮಾಡಿದ ಸೀಲರ್ ಬರುತ್ತದೆ, ಸಿಕ್ಕಿದರೆ ಅದೇ ಒಳ್ಳೆಯದು.

ಮುಂಭಾಗದ ಸುಣ್ಣ ತೆಗೆಯುವ ಕೆಲಸ ಅಂಚಿನ ಪೇಂಟ್ ಒಣಗಿದ ಮೇಲೇ. ಕಿರಾಣಿ ಅಂಗಡಿಯ ನಿಂಬೆಉಪ್ಪು (ಸಿಟ್ರಿಕ್ ಆಸಿಡ್ ಪುಡಿ) ಎರಡು ಚಮಚ, ಒಂದು ಲೋಟ ಉಗುರುಬೆಚ್ಚಗಿನ ನೀರು. ಕನ್ನಡಿ ಮಲಗಿಸಿದ್ದರಿಂದ ನೀರು ಇಳಿದು ಅಂಚಿಗೆ ಹೋಗುವ ಪ್ರಶ್ನೆ ಇಲ್ಲ. ಹತ್ತಿ ಬಟ್ಟೆಯನ್ನು ಆ ನೀರಿನಲ್ಲಿ ಅದ್ದಿ ಹಿಂಡಿ ಗಾಜಿನ ಮೇಲೆ ಹರಡಿ, ಅಂಚಿನಿಂದ ಎರಡು ಇಂಚು ಬಿಟ್ಟು, ಹತ್ತು ನಿಮಿಷ ಇಟ್ಟೆವು. ತೆಗೆದು ಸೂಳೆಕೆರೆ ನೀರಿನಲ್ಲೇ ಒರೆಸಿದೆವು. ಬೋರ್ ನೀರಲ್ಲಿ ತೊಳೆದರೆ ಮತ್ತೆ ಅದೇ ಕಲೆ ಕೂರುತ್ತದೆ ಅಲ್ವಾ. ಪೊರೆ ಬಹುಪಾಲು ಹೋಯಿತು. ದಪ್ಪ ಹನಿ ಗುರುತುಗಳಿಗೆ ಸೋಪು ನೀರು ಸವರಿ ಹೊಸ ಬ್ಲೇಡನ್ನು ಮಲಗಿಸಿ ತಳ್ಳಬೇಕಾಯಿತು. ಒಣ ಗಾಜಿನ ಮೇಲೆ ಬ್ಲೇಡ್ ಬೇಡ, ಗೆರೆ ಬೀಳುತ್ತದೆ. ಅಂಚಿನ ಎರಡು ಇಂಚಿಗೆ ಹುಳಿ ಮುಟ್ಟಿಸಲೇ ಇಲ್ಲ, ಅಲ್ಲಿ ಸೋಪು ನೀರು ಮತ್ತು ಬ್ಲೇಡ್ ಅಷ್ಟೇ.

ಇಷ್ಟಾದರೂ ನಲ್ಲಿಯ ನೇರಕ್ಕೆ ಒಂದಷ್ಟು ಮಸುಕು ಉಳಿಯಿತು. ಅದು ಸುಣ್ಣ ಅಲ್ಲ, ಗಾಜೇ ಸವೆದದ್ದು. ಹುಳಿಗೆ ಅದು ಬಗ್ಗುವುದಿಲ್ಲ. ಗಾಜು ಪಾಲಿಶ್ ಮಾಡುವವರು ಬಳಸುವ ಸೀರಿಯಂ ಆಕ್ಸೈಡ್ ಪುಡಿ ತರಿಸಿ, ನೀರಲ್ಲಿ ಕಲಸಿ, ಉಣ್ಣೆಯ ಫೆಲ್ಟ್ ತುಂಡಿನಿಂದ ಉಜ್ಜಿದೆ. ತೋಳು ನೋಯುವಷ್ಟು ಉಜ್ಜಬೇಕು, ಅವಸರ ಮಾಡಿದರೆ ಏನೂ ಆಗದು. ಮಸುಕು ಮುಕ್ಕಾಲು ಹೋಗಿದೆ, ಓರೆ ಬೆಳಕಿನಲ್ಲಿ ನೋಡಿದರೆ ಸ್ವಲ್ಪ ಕಾಣುತ್ತದೆ.

ಈಗ ಅಕ್ಕ ಹೇಳಿದ ಒಂದು ಮಾತು ಇಡೀ ಕೆಲಸವನ್ನು ಸುಲಭ ಮಾಡಿತು. "ತಲೆಕೆಳಗೆ ಮಾಡಿ ಹಾಕಿದ್ರೆ ಏನಾಗುತ್ತೋ?" ಎಂದಳು. ಏನೂ ಆಗುವುದಿಲ್ಲ, ಆಯತಾಕಾರದ ಕನ್ನಡಿ, ತೂತು ಇಲ್ಲ. ಕಪ್ಪಾದ ಅಂಚನ್ನು ಮೇಲೆ ಮಾಡಿದರೆ ಅದು ನಲ್ಲಿ ನೀರಿನಿಂದ ದೂರ ಹೋಗುತ್ತದೆ, ಗಟ್ಟಿ ಇರುವ ಅಂಚು ಕೆಳಗೆ ಬರುತ್ತದೆ. ಕೆಳಸಾಲಿನ ಮೂರು ಮಚ್ಚೆಗಳು ಹೇಗೂ ಕಪ್ಪು ಪಟ್ಟಿಗೆ ಅಂಟಿಕೊಂಡೇ ಇದ್ದವು, ಅವೂ ಮೇಲಿನ ಪಟ್ಟಿಯಡಿ ಮುಚ್ಚಿಹೋಗುತ್ತವೆ. ಮುಖದ ಎತ್ತರಕ್ಕೆ ಇದ್ದ ಎರಡು ಮಚ್ಚೆ ನಲ್ಲಿಯ ಮಟ್ಟಕ್ಕೆ ಇಳಿಯುತ್ತವೆ, ಅಲ್ಲಿ ಯಾರೂ ನೋಡುವುದಿಲ್ಲ. ಹಾಗೇ ಮಾಡಿದೆವು. ಪಟ್ಟಿಗೆ ನೀರು ಹೀರದ ಡಬ್ಲ್ಯೂಪಿಸಿ (ಮರದ ಪುಡಿ, ಪ್ಲಾಸ್ಟಿಕ್ ಬೆರೆಸಿ ಮಾಡಿದ್ದು) ಆರಿಸಿಕೊಂಡೆವು, ಮೇಲೆ ಮೂರು ಇಂಚು ಅಗಲ, ಉಳಿದ ಮೂರು ಕಡೆ ಒಂದೂವರೆ ಇಂಚು. ಮರದ ಬೀಡಿಂಗ್ ಚಂದ, ಆದರೆ ಬಾತ್‌ರೂಮಿಗೆ ನನ್ನ ಮನಸ್ಸು ಒಪ್ಪಲಿಲ್ಲ.

ಗೋಡೆಗೆ ಮತ್ತೆ ಕೂರಿಸಿದ್ದು

ನನ್ನ ಮಟ್ಟಿಗೆ ಇದೇ ನಿಜವಾದ ದುರಸ್ತಿ. ಕನ್ನಡಿಯ ಹಿಂದೆ ಗಾಳಿ ಆಡಬೇಕು. ಗೋಡೆಗೂ ಕನ್ನಡಿಗೂ ನಡುವೆ 6 ಮಿಲಿಮೀಟರ್ ಸಂದು ಬಿಟ್ಟೆವು, ಅದಕ್ಕೆ ರಬ್ಬರ್ ವಾಷರ್‌ಗಳು. ತೂಕ ಹೊರಲು ಕೆಳಗೆ ಎರಡು ಸ್ಟೀಲ್ ಕ್ಲಿಪ್, ಮೇಲೆ ಎರಡು, ಗೋಡೆಗೆ ಡ್ರಿಲ್ ಮಾಡಿ ಸ್ಕ್ರೂ. ಕ್ಲಿಪ್ಪಿನ ಒಳಗೂ ರಬ್ಬರ್, ಗಾಜಿಗೆ ಲೋಹ ತಾಗಬಾರದು. ಟೈಲ್ಸ್ ಪಟ್ಟಿಯಿಂದ ನಾಲ್ಕು ಇಂಚು ಮೇಲಕ್ಕೆ ಎತ್ತಿದ್ದರಿಂದ ಅಂಚಿಗೆ ನಿಂತ ನೀರು ತಾಗುವುದಿಲ್ಲ. ಅಲುಗಾಡದಿರಲಿ ಅಂತ ಸಿಲಿಕಾನ್ ಬೇಕೇ ಬೇಕು ಅನ್ನಿಸಿದರೆ ಟ್ಯೂಬಿನ ಮೇಲೆ ನ್ಯೂಟ್ರಲ್ ಕ್ಯೂರ್ ಅಂತ ಇರುವುದನ್ನೇ, ಅಂದರೆ ಒಣಗುವಾಗ ಅಸಿಟಿಕ್ ಆಮ್ಲ ಬಿಡದ್ದನ್ನೇ, ಕೇಳಿ ತನ್ನಿ. ಕೊಡುವಾಗ ಎಲ್ಲ ಒಂದೇ ಅನ್ನುತ್ತಾರೆ, ಒಂದೇ ಅಲ್ಲ. ಮುಚ್ಚಳ ತೆಗೆದಾಗ ವಿನೆಗರ್ ವಾಸನೆ ಬಂದರೆ ಅದು ಬೇಡ. ನಾವು ಪಟ್ಟಿ ಅಂಟಿಸಲು, ಮತ್ತು ಹಿಂದೆ ಎರಡು ಉದ್ದ ಗೆರೆ ಎಳೆಯಲು ನ್ಯೂಟ್ರಲ್ ಬಳಸಿದೆವು. ಗೆರೆ ಮೇಲಿನಿಂದ ಕೆಳಕ್ಕೆ ಇರಬೇಕು. ಅಡ್ಡ ಎಳೆದರೆ ಒಳಗೆ ಇಳಿದ ನೀರು ಅದರ ಮೇಲೆ ನಿಲ್ಲುತ್ತದೆ. ಸುತ್ತ ಎಲ್ಲೂ ಮುಚ್ಚಲಿಲ್ಲ. ವೈಟ್ ಸಿಮೆಂಟ್ ಅಂತೂ ಇಲ್ಲವೇ ಇಲ್ಲ.

ವೆಂಟಿಲೇಟರಿನ ರಟ್ಟು ತೆಗೆದು ಸೊಳ್ಳೆ ಜಾಲರಿ ಹಾಕಿಸಿದರು. ಧೂಳು ಸ್ವಲ್ಪ ಬರುತ್ತದೆ, ಅಕ್ಕ ಒಪ್ಪಿಕೊಂಡಿದ್ದಾಳೆ.

ಆಸಿಡ್ ವಿಷಯದಲ್ಲಿ ಮಾತ್ರ ನಾನು ಹಟ ಮಾಡಿದೆ. ಕನ್ನಡಿಗೆ ಹಚ್ಚದೆ ನೆಲಕ್ಕೆ ಸುರಿದರೂ ಅದರ ಆವಿ ಮುಚ್ಚಿದ ಬಾತ್‌ರೂಮಿನಲ್ಲಿ ಮೇಲೇಳುತ್ತದೆ, ಅಂಚಿನ ಬೆಳ್ಳಿಗೂ ನಲ್ಲಿಯ ಹೊಳಪಿಗೂ ಪೆಟ್ಟು. ಅದಕ್ಕಿಂತ ದೊಡ್ಡ ಅಪಾಯ ಬೇರೆ ಇದೆ. ಆಸಿಡ್ ಹಾಕಿದ ಜಾಗಕ್ಕೆ ಬ್ಲೀಚಿಂಗ್ ಪೌಡರ್ ಬಿದ್ದರೆ ಕ್ಲೋರಿನ್ ಅನಿಲ ಬರುತ್ತದೆ, ಸಣ್ಣ ಕೋಣೆಯಲ್ಲಿ ಅದು ಉಸಿರಾಟಕ್ಕೇ ಕುತ್ತು. ಎರಡನ್ನೂ ಒಂದೇ ಮೂಲೆಯಲ್ಲಿ ಇಟ್ಟಿದ್ದರು. ಈಗ ಆಸಿಡ್ ಬಾಟಲಿ ಮನೆಯಲ್ಲಿ ಇಲ್ಲ.

ಈಗ ಹೇಗಿದೆ

ಕೂರಿಸುವ ಮುಂಚೆ ಕಪ್ಪು ಎಲ್ಲಿಯವರೆಗೆ ಇದೆ ಅಂತ ಸ್ಕೇಲ್ ಇಟ್ಟು ನಾಲ್ಕೂ ಅಂಚಿನ ಫೋಟೊ ತೆಗೆದಿಟ್ಟಿದ್ದೆ. ಒಂದು ಮಳೆಗಾಲ, ಒಂದು ಚಳಿಗಾಲ ಕಳೆದ ಮೇಲೆ ಹೋಲಿಸಿ ನೋಡಿದೆ. ಪಟ್ಟಿಯಿಂದ ಒಳಕ್ಕೆ, ಮೇಲೆ, ಕೆಳಗೆ, ಎಡಕ್ಕೆ ಎಲ್ಲೂ ಹೊಸ ಕಪ್ಪು ಇಲ್ಲ. ಬಲಗಡೆ ಶವರ್ ಹತ್ತಿರದ ಮೂಲೆಯಲ್ಲಿ ಮಾತ್ರ ಪಟ್ಟಿಯ ಅಂಚಿನಿಂದ ಒಂದು ಸಣ್ಣ ಕಪ್ಪು ಚುಕ್ಕಿ ಇಣುಕುತ್ತಿದೆ. ಅಲ್ಲಿಗೆ ನೇರ ನೀರು ಹಾರುತ್ತದೆ, ಪೇಂಟ್ ಮಾತ್ರದಿಂದ ಅದನ್ನು ತಡೆಯಲು ಆಗಿಲ್ಲ. ಶವರ್‌ಗೆ ಒಂದು ಪರದೆ ಹಾಕಿ ಅಂತ ಭಾವನಿಗೆ ಹೇಳಿದ್ದೇನೆ, ಅದು ಇನ್ನೂ ಆಗಬೇಕಿದೆ. ಕಂದು ಮಚ್ಚೆ ಎರಡೂ ಇದ್ದ ಹಾಗೇ ಇವೆ, ಬೆಳೆದಿಲ್ಲ.

ದಿನಾ ಮಾಡುವುದು ಇಷ್ಟೇ: ಕೊನೆಗೆ ಸ್ನಾನ ಮಾಡಿದವರು ಒಣ ಬಟ್ಟೆಯಲ್ಲಿ ಕನ್ನಡಿ ಒರೆಸಿ ಬರುತ್ತಾರೆ, ಹನಿ ಆರುವ ಮುಂಚೆ. ಒರೆಸಲು ಸ್ಪ್ರೇ ಬಳಸಿದರೂ ಬಟ್ಟೆಗೆ ಹೊಡೆಯುತ್ತಾರೆ, ಗಾಜಿಗೆ ಅಲ್ಲ. ಖರ್ಚು ಅದೇ ಅಳತೆಯ ಹೊಸ ಕನ್ನಡಿ ತಂದು ಕೂರಿಸುವುದರ ಅರ್ಧಕ್ಕಿಂತ ಕಡಿಮೆ ಬಂತು, ಅದರಲ್ಲಿ ಹೆಚ್ಚಿನದು ಡಬ್ಲ್ಯೂಪಿಸಿ ಪಟ್ಟಿಯದೇ.

ಕಪ್ಪು ಅಂಚಿನಿಂದ ಒಂದು ಅಂಗೈಯಷ್ಟು ಒಳಗೆ ಬಂದುಬಿಟ್ಟಿದ್ದರೆ ನಾನು ಈ ದುರಸ್ತಿಗೆ ಕೈ ಹಾಕುತ್ತಿರಲಿಲ್ಲ, ಅಷ್ಟು ಅಗಲದ ಪಟ್ಟಿ ಹಾಕಿದರೆ ಕನ್ನಡಿಯೇ ಉಳಿಯುವುದಿಲ್ಲ. ಆಗ ಹೊಸದೇ ಸರಿ, ಆದರೆ ಕೂರಿಸುವುದು ಮಾತ್ರ ಹೀಗೇ. ಅಕ್ಕನ ಮಹಡಿ ಮೇಲಿನ ಬಾತ್‌ರೂಮಿಗೆ ಈಗ ಹೊಸ ಕನ್ನಡಿ ಬರುತ್ತಿದೆ. ಗ್ಲಾಸ್ ಅಂಗಡಿಯವರಿಗೆ ಅಳತೆ ಕೊಡುವಾಗಲೇ ಅಂಚಿಗೆ ಸೀಲರ್ ಹಚ್ಚಿ ಕೊಡಿ ಅಂತ ಹೇಳಿ ಬಂದಿದ್ದೇವೆ, ಕ್ಲಿಪ್ಪು ಮತ್ತು ರಬ್ಬರ್ ವಾಷರ್ ಆಗಲೇ ತಂದಿಟ್ಟಿದೆ.